ಡಿಕೇ ರನ್‌ಗೆ ದುಡ್ಡಿಲ್ದೆ ಚೆಕ್‌ಪಾಯಿಂಟ್ ಬೆರೆಸಿದ್ದು: ನನ್ನ ಅನುಭವ

ಚೆಕ್‌ಪಾಯಿಂಟ್‌ಗಳ (ಟ್ರೈನಿಂಗ್ ನಡುವೆ ಆಗಾಗ ಸೇವ್ ಮಾಡಿಟ್ಟ ಮಾಡೆಲ್ ಪ್ರತಿಗಳ) ಸರಾಸರಿ ತೆಗೆದ್ರೆ ಭಾಷಾ ಮಾಡೆಲ್ ಕೆಟ್ಟೋಗುತ್ತೆ ಅಂತ ನಕ್ಕೋರೇ ಈಗ ಸ್ಕ್ರಿಪ್ಟ್ ಕೊಡಪ್ಪಾ ಅಂತಿದಾರೆ, ಅದಕ್ಕೇ ಬರೀತಿದೀನಿ.

1.3 ಬಿಲಿಯನ್ ಪ್ಯಾರಾಮೀಟರ್ (ಟ್ರೈನಿಂಗಲ್ಲಿ ಕಲಿಯೋ ಸಂಖ್ಯೆಗಳು) ಮಾಡೆಲ್ಲು, ಶುರುವಲ್ಲಿ ನಿಧಾನಕ್ಕೆ ಏರಿಸೋ ವಾರ್ಮಪ್ ಆದ್ಮೇಲೆ ಲರ್ನಿಂಗ್ ರೇಟ್ (ಪ್ರತಿ ಸಲ ಎಷ್ಟು ತಿದ್ಬೇಕು ಅನ್ನೋ ಅಳತೆ) ಒಂದೇ ಸಮ. ಕೊನೇಲಿ ಡಿಕೇ, ಅಂದ್ರೆ ಆ ರೇಟ್ ಇಳಿಸ್ತಾ ಇನ್ನಷ್ಟು ಟ್ರೈನ್, ಮಾಡ್ಬೇಕಿತ್ತು, ಆದ್ರೆ ಬಜೆಟ್‌ನಲ್ಲಿ ಮೂರನೇ ಒಂದು ಭಾಗ ಡೂಪ್ಲಿಕೇಟ್ ತುಂಬಿದ್ದ ಡೇಟಾ ಮೇಲೆ ಮೊದಲೇ ಸುಟ್ಟಿದ್ದೆ. ಅದಕ್ಕೇ ಡಿಕೇ ಬದಲು ಚೆಕ್‌ಪಾಯಿಂಟ್ ಬೆರೆಸೋಕೆ ಹೊರಟೆ.

ಮೊದಲು ಮಾಡಿದ್ದು ದಡ್ಡತನ. ಬೇರೆ ಬೇರೆ ಸೀಡ್‌ನ (ಶುರುವಿನ ರ‍್ಯಾಂಡಮ್ ಸಂಖ್ಯೆಯ) ಎರಡು ಟ್ರೈನಿಂಗ್ ರನ್ ಸರಾಸರಿ ತೆಗೆದೆ. ಎತ್ತು ಏರಿಗೆ, ಕೋಣ ನೀರಿಗೆ! ಲಾಸ್ (ತಪ್ಪಿನ ಅಳತೆ, ಕಮ್ಮಿ ಇದ್ದಷ್ಟೂ ಒಳ್ಳೇದು) 10ರ ಹತ್ರ, ಒಂದೇ ಪದ ಸಾಲುಗಟ್ಲೆ ಉಗುಳ್ತಿತ್ತು.

ಆಮೇಲೆ ಒಂದೇ ರನ್‌ನ ಕೊನೇ ಹತ್ತು ಚೆಕ್‌ಪಾಯಿಂಟ್ ತಗೊಂಡೆ, ಆದ್ರೂ ಲಾಭ ಅಷ್ಟಕ್ಕಷ್ಟೇ. ಎರಡು ದಿನ ತಲೆ ಕೆರ್ಕೊಂಡ್ಮೇಲೆ ಗೊತ್ತಾಯ್ತು, ಕೂಡ್ತಿದ್ದಿದ್ದೇ ಬಿಎಫ್16ನಲ್ಲಿ (ಸಂಖ್ಯೆನ 16 ಬಿಟ್‌ನಲ್ಲಿ ಇಡೋ ರೀತಿ). ಮ್ಯಾಂಟಿಸಾಗೆ, ಅಂದ್ರೆ ಸಂಖ್ಯೆಯ ಅಂಕಿಗಳನ್ನ ಹಿಡಿಯೋ ಭಾಗಕ್ಕೆ, ಇರೋದೇ ಏಳೇ ಏಳು ಬಿಟ್, ಚೆಕ್‌ಪಾಯಿಂಟ್‌ಗಳ ನಡುವಿನ ಸಣ್ಣ ವ್ಯತ್ಯಾಸ ರೌಂಡಿಂಗಲ್ಲೇ ಹೋಗ್ತಿತ್ತು. 32 ಬಿಟ್‌ನ ಎಫ್‌ಪಿ32ನಲ್ಲಿ ಕೂಡಿ, ಭಾಗಿಸಿ, ಕೊನೇಲಿ ಬಿಎಫ್16ಗೆ ಬದಲಾಯಿಸ್ದೆ. ಚೆಕ್‌ಪಾಯಿಂಟ್‌ಗಳ ಅಂತರಾನೂ 200 ಸ್ಟೆಪ್‌ನಿಂದ (ಒಂದು ಸ್ಟೆಪ್ ಅಂದ್ರೆ ಒಂದು ಸಲ ತಿದ್ದೋದು) 2000ಕ್ಕೆ ಏರಿಸ್ದೆ, ಯಾಕಂದ್ರೆ ಪಕ್ಕಪಕ್ಕದವೆಲ್ಲ ಒಂದೇ ಮುಖ ಹೊತ್ಕೊಂಡಿರ್ತವೆ. ವ್ಯಾಲಿಡೇಶನ್ ಲಾಸ್ (ಟ್ರೈನಿಂಗಲ್ಲಿ ನೋಡದ ಡೇಟಾ ಮೇಲಿನ ಲಾಸ್) 2.47ರಿಂದ 2.40ಕ್ಕೆ ಇಳೀತು, ಒಂದು ಸ್ಟೆಪ್ಪೂ ಟ್ರೈನ್ ಮಾಡ್ದೆ, ಸಿಪಿಯು ಮೇಲೆ, ಟೀ ಕುಡಿಯೋಷ್ಟರಲ್ಲಿ. ಆಮೇಲೆ ಸಾಲ ಮಾಡಿ ಡಿಕೇ ಓಡ್ಸಿ ನೋಡಿದ್ರೆ 2.39ಓ ಏನೋ ಬಂತು, ಅಷ್ಟೇ! ಹತ್ತಕ್ಕೂ ಸಮ ತೂಕ ಕೊಟ್ಟಿಲ್ಲ, ಎಷ್ಟೆಷ್ಟು ಅಂತ ಮಾತ್ರ ಈಗ್ಲೇ ಹೇಳಲ್ಲ.

ದುರಾಸೆಗೆ ಬೆರೆಸಿದ ವೇಟ್ಸ್‌ನಿಂದ್ಲೇ (ಅದೇ ಪ್ಯಾರಾಮೀಟರ್‌ಗಳು) ಟ್ರೈನಿಂಗ್ ಮುಂದುವರಿಸ್ದೆ, ವೇಟ್ಸ್ ತಿದ್ದೋ ಆಪ್ಟಿಮೈಸರ್ ಆಡಮ್‌ನ ಸ್ಟೇಟ್ (ಅದು ನೆನಪಿಟ್ಕೊಳ್ಳೋ ಲೆಕ್ಕ) ಕೊನೇ ಚೆಕ್‌ಪಾಯಿಂಟ್‌ದು, ಲರ್ನಿಂಗ್ ರೇಟ್ ಅದೇ ದೊಡ್ಡದು. ಕೆಲವು ನೂರು ಸ್ಟೆಪ್‌ಗೆ ಗಳಿಸಿದ್ದೆಲ್ಲ ನೀರಲ್ಲಿ ಹೋಮ, ಒಂದು ರಾತ್ರಿಯ ಕಂಪ್ಯೂಟ್ ಬಿಲ್ ದಂಡ. ಬೆರೆಸಿದ್ದು ಬಳಸೋಕೆ, ರನ್ ಅದರ ಪಾಡಿಗೆ ಅದು.

ಇದು 2018ರ ಎಸ್‌ಡಬ್ಲ್ಯೂಎ (ಒಂದೇ ರನ್‌ನ ವೇಟ್ಸ್ ಸರಾಸರಿ ತೆಗೆಯೋ ವಿಧಾನ) ಕಾಲದ ಐಡಿಯಾನೇ ಬಿಡಿ. 2022ರ ಮಾಡೆಲ್ ಸೂಪ್ (ಫೈನ್‌ಟ್ಯೂನ್ ಆದ ಹಲವು ಮಾಡೆಲ್‌ಗಳ ಸರಾಸರಿ) ನೆನಪಾಗಿ ಒಂದೇ ಬೇಸ್ ಮಾಡೆಲ್‌ನಿಂದ ಫೈನ್‌ಟ್ಯೂನ್ (ಒಂದು ಕೆಲಸಕ್ಕೆ ಅಂತ ಮತ್ತಷ್ಟು ಟ್ರೈನ್) ಮಾಡಿದ್ದ ಗಣಿತದ್ದು, ಚಾಟ್‌ದು ಎರಡನ್ನೂ ಬೆರೆಸ್ದೆ. ಲೆಕ್ಕ ಸರಿಯಾಗೇ ಮಾಡ್ತು, ಆದ್ರೆ ಎಂಡ್ ಟೋಕನ್ (ಉತ್ತರ ಮುಗೀತು ಅನ್ನೋ ಗುರುತು) ಮರ್ತು ಉತ್ತರ ಮುಗಿದ್ಮೇಲೂ ತಾನೇ ಪ್ರಶ್ನೆ ಕೇಳ್ಕೊಂಡು ತಾನೇ ಉತ್ತರ ಕೊಡ್ತಾ ಕೂತಿತ್ತು. ಚಾಟ್ ಕಡೆ ತೂಕ ಜಾಸ್ತಿ ಮಾಡಿದ್ಮೇಲೆ ಬಾಯಿ ಮುಚ್ತು.

ಡಿಸ್ಕ್ ತುಂಬುತ್ತೆ ಅನ್ನೋರಿಗೆ: ಬೆರೆಸೋಕೆ ವೇಟ್ಸ್ ಸಾಕು, ಆಪ್ಟಿಮೈಸರ್ ಸ್ಟೇಟ್ ಕೊನೇದೊಂದು ಇಟ್ಕೊಳ್ಳಿ. ನಂಗೆ ಒಂದೊಂದು ಚೆಕ್‌ಪಾಯಿಂಟ್ 18 ಜಿಬಿ ಆಗ್ತಿದ್ದಿದ್ದು 2.6ಕ್ಕೆ ಇಳೀತು.