ಉತ್ತರ ಯುರೋಪಿನ ಬೇಸಿಗೆ ಕಡಲು: ಹವೆ ಓದಿಕೊಂಡು ಹಡಗು ಹತ್ತುವುದು ಹೇಗೆ?

ನಾರ್ವೆಯ ಫ್ಯೋರ್ಡ್‌ಗಳಿಗೋ (ಕಡಿದಾದ ಬೆಟ್ಟಗಳ ನಡುವೆ ನೆಲದೊಳಕ್ಕೆ ಚಾಚಿದ ಕಡಲಿನ ಕೈಗಳು) ಬಾಲ್ಟಿಕ್ ತೀರದ ಊರುಗಳಿಗೋ ಬೇಸಿಗೆಯಲ್ಲಿ ಕ್ರೂಸ್ ಹೊರಡುವ ನಮ್ಮವರು ಹವೆಯ ವಿಷಯದಲ್ಲಿ ಮಾಡುವ ತಪ್ಪು ಹೆಚ್ಚುಕಡಿಮೆ ಒಂದೇ. ಮೊಬೈಲಿನಲ್ಲಿ ಬಂದರಿನ ಊರಿನ ಉಷ್ಣಾಂಶವನ್ನು ನೋಡಿ, ಅದಕ್ಕೆ ತಕ್ಕಂತೆ ಪೆಟ್ಟಿಗೆ ತುಂಬಿಕೊಂಡು, ಕಡಲಿನ ಚಿಂತೆಯನ್ನು ಕ್ಯಾಪ್ಟನ್‌ಗೆ ಬಿಟ್ಟುಬಿಡುತ್ತಾರೆ. ನಾನು ಹೋಗಿದ್ದ ಪ್ರವಾಸದಲ್ಲಿ ಹಡಗು ಗೈರಾಂಗರ್ ಫ್ಯೋರ್ಡ್‌ನ ತುದಿಯಲ್ಲಿ ನಿಂತಿದ್ದಾಗ, ನೀರಿನಲ್ಲಿ ಬೆಟ್ಟದ ನೆರಳು ಕದಲದೆ ಬಿದ್ದಿದ್ದನ್ನು ತೋರಿಸಿ, “ಕೆರೆಯ ಹಾಗಿದೆಯಲ್ಲ ಸಾರ್, ವಾಂತಿಯ ಮಾತ್ರೆ ಯಾಕೆ ಸುಮ್ಮನೆ?” ಎಂದು ನಕ್ಕಿದ್ದ ಮೈಸೂರಿನ ಹಿರಿಯರೊಬ್ಬರು, ಅದೇ ರಾತ್ರಿ ಹಡಗು ಹೊರಗಡಲಿಗೆ ಬಂದು ಸ್ಟಾಡ್ ಭೂಶಿರವನ್ನು ದಾಟುವಾಗ ಬಾತ್‌ರೂಮಿನ ನೆಲದ ಮೇಲೆ ಕುಳಿತೇ ಬೆಳಗು ಮಾಡಿದರು. ಊರಿನ ಹವೆ ಬೇರೆ, ಕಡಲಿನ ಹವೆ ಬೇರೆ. ಎರಡನ್ನೂ ಬೇರೆ ಬೇರೆಯಾಗಿಯೇ ಓದಬೇಕು.

ಮೊದಲ ಕೆಲಸ ತಿಂಗಳನ್ನು ಆರಿಸಿಕೊಳ್ಳುವುದು. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಕಡಲು ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಆಗಸ್ಟ್ ಕೊನೆಯಿಂದ ಅಟ್ಲಾಂಟಿಕ್‌ನ ವಾಯುಭಾರ ಕುಸಿತಗಳು ಬಲಗೊಳ್ಳತೊಡಗುತ್ತವೆ. ನಾನಾದರೆ ಜೂನ್ ಬಿಟ್ಟು ಬೇರೆ ತಿಂಗಳಿಗೆ ಟಿಕೆಟ್ ಮಾಡಿಸುವುದಿಲ್ಲ, ಏಕೆಂದರೆ ಹಿಮ ಕರಗುವ ಆ ಹೊತ್ತಿನಲ್ಲಿ ಜಲಪಾತಗಳು ಮೈದುಂಬಿಕೊಂಡಿರುತ್ತವೆ.

ಎರಡನೆಯದು ಕ್ಯಾಬಿನ್. ಹಡಗಿನ ಉದ್ದದಲ್ಲಿ ನಟ್ಟನಡುವೆ, ಆದಷ್ಟು ಕೆಳಗಿನ ಡೆಕ್ಕಿನಲ್ಲಿ ತೆಗೆದುಕೊಳ್ಳಬೇಕು. ಮೇಲಿನ ಅಂತಸ್ತಿನ ಮೂಲೆಯ ಬಾಲ್ಕನಿ ಕೋಣೆಗೆ ಹೆಚ್ಚು ಹಣ ಕೊಡುವುದೆಂದರೆ ಹೆಚ್ಚು ಓಲಾಟವನ್ನು ಹಣ ಕೊಟ್ಟು ಕೊಂಡಂತೆ.

ಮೂರನೆಯದು ಕಡಲಿನ ಮುನ್ಸೂಚನೆಯನ್ನು ಓದುವುದು. ಎಲ್ಲರೂ ಎಡವುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪ್ರಯಾಣದ ನಕ್ಷೆಯನ್ನು ಎದುರಿಗಿಟ್ಟುಕೊಂಡು, ಹಡಗು ಯಾವ ರಾತ್ರಿ ಬಯಲು ಕಡಲಿನಲ್ಲಿರುತ್ತದೆ, ಯಾವ ರಾತ್ರಿ ದ್ವೀಪಗಳ ಅಥವಾ ಫ್ಯೋರ್ಡ್‌ನ ಮರೆಯಲ್ಲಿರುತ್ತದೆ ಎಂಬುದನ್ನು ಮೊದಲು ಗುರುತು ಮಾಡಿಕೊಳ್ಳಬೇಕು. 200 ಕಿ.ಮೀ.ಗೂ ಹೆಚ್ಚು ಉದ್ದದ ಸೋಗ್ನ ಫ್ಯೋರ್ಡ್‌ನ ಒಳಗೆ ಲೋಟದ ನೀರೂ ಅಲುಗುವುದು ಅಪರೂಪ. ಆದರೆ ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ಹೊರಟು ಉತ್ತರ ಸಮುದ್ರವನ್ನು ಹಾದು ನಾರ್ವೆ ಮುಟ್ಟುವ ಒಂದೂವರೆ ದಿನ, ಐಸ್‌ಲೆಂಡಿನ ದಾರಿ ಮತ್ತು ಬರ್ಗೆನ್‌ನ ಉತ್ತರಕ್ಕಿರುವ ಸ್ಟಾಡ್, ಈ ಮೂರು ಕಡೆ ಅಲೆಯನ್ನು ತಡೆಯುವ ಮರೆ ಇರುವುದಿಲ್ಲ. ಉತ್ತರ ಸಮುದ್ರವೂ ನಾರ್ವೇಜಿಯನ್ ಸಮುದ್ರವೂ ಕೂಡುವ ಸ್ಟಾಡ್‌ನಲ್ಲಿ ಅಲೆಗಳು ಒಂದೇ ದಿಕ್ಕಿನಿಂದ ಬರುವುದೂ ಇಲ್ಲ.

ಅನಂತರ ಮುನ್ಸೂಚನೆಯಲ್ಲಿ ಮೂರು ಅಂಕಿಗಳನ್ನು ಒಟ್ಟಿಗೆ ನೋಡಬೇಕು: ಅಲೆಯ ಎತ್ತರ, ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗೆ ಹಿಡಿಯುವ ಸೆಕೆಂಡುಗಳು, ಮತ್ತು ಅಲೆ ಬರುವ ದಿಕ್ಕು. ಎತ್ತರವೆಂದು ಕೊಟ್ಟಿರುವುದು ಅತಿ ದೊಡ್ಡ ಅಲೆಯ ಅಳತೆಯಲ್ಲ, ಎಲ್ಲ ಅಲೆಗಳಲ್ಲಿ ಅತಿ ಎತ್ತರದ ಮೂರನೆಯ ಒಂದು ಪಾಲಿನ ಸರಾಸರಿ. 2 ಮೀಟರ್ ಎಂದಿದ್ದರೆ ನಡುನಡುವೆ ಅದರ ಇಮ್ಮಡಿ ಎತ್ತರದ ಅಲೆಯೂ ಬರಬಹುದು. ಆದರೆ ಹೊಟ್ಟೆಯ ಪಾಡನ್ನು ನಿರ್ಧರಿಸುವುದು ಎತ್ತರಕ್ಕಿಂತ ಹೆಚ್ಚಾಗಿ ಸೆಕೆಂಡುಗಳು. ಸೆಕೆಂಡುಗಳ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದದ್ದರ ಒಂದೂವರೆ ಪಟ್ಟು ಮಾಡಿದರೆ, ಆಳದ ಕಡಲಿನಲ್ಲಿ ಅಲೆಯ ಉದ್ದ ಸುಮಾರಾಗಿ ಮೀಟರುಗಳಲ್ಲಿ ಸಿಗುತ್ತದೆ. 5 ಸೆಕೆಂಡಿನ ಅಲೆಯ ಉದ್ದ 40 ಮೀಟರ್ ಒಳಗೇ ಇರುವುದರಿಂದ 300 ಮೀಟರ್ ಉದ್ದದ ಹಡಗು ಅಂಥ ಏಳೆಂಟು ಅಲೆಗಳ ಮೇಲೆ ಹಲಗೆಯಂತೆ ಮಲಗಿ ಸಾಗುತ್ತದೆ. ಅದೇ 10 ಸೆಕೆಂಡಿನ ಅಲೆಯಾದರೆ ಉದ್ದ 150 ಮೀಟರ್ ದಾಟುತ್ತದೆ, ಆಗ ಹಡಗೂ ಅಲೆಯೊಂದಿಗೆ ಏಳುತ್ತದೆ, ಇಳಿಯುತ್ತದೆ. ಸುತ್ತಲೂ ನೆಲದಿಂದ ಮುಚ್ಚಿದ ಬಾಲ್ಟಿಕ್‌ನಲ್ಲಿ ಗಾಳಿಗೆ ಓಡಲು ಜಾಗವಿಲ್ಲದ ಕಾರಣ ಬೇಸಿಗೆಯ ಅಲೆಗಳು ಮೊದಲ ಜಾತಿಯವು. ಕೋಪನ್‌ಹೇಗನ್, ಸ್ಟಾಕ್‌ಹೋಮ್, ಹೆಲ್ಸಿಂಕಿ, ಟಾಲಿನ್ ನೋಡಲು ಹೊರಟವರು ಅಷ್ಟು ಹೆದರಬೇಕಿಲ್ಲ. ನಾರ್ವೆಯ ಹೊರಗಡಲಿನಲ್ಲಿ ಮಾತ್ರ, ದೂರದ ಅಟ್ಲಾಂಟಿಕ್‌ನಲ್ಲಿ ಎಂದೋ ಎದ್ದ ಬಿರುಗಾಳಿಯ ಉದ್ದನೆಯ ಅಲೆಗಳು, ನಾವಿಕರು ಸ್ವೆಲ್ ಎನ್ನುವಂಥವು, ನಮ್ಮ ತಲೆಯ ಮೇಲೆ ಗಾಳಿಯೇ ಇಲ್ಲದಿದ್ದಾಗಲೂ ಬಂದು ತಲುಪುತ್ತವೆ.

ಇನ್ನು ದಿಕ್ಕು. ಪಶ್ಚಿಮದ ಗಾಳಿ ಎಂದರೆ ಪಶ್ಚಿಮದಿಂದ ಬರುವ ಗಾಳಿ. ನಮ್ಮ ಕರಾವಳಿಯವರಿಗೆ ಇದನ್ನು ಹೇಳಬೇಕಿಲ್ಲವಾದರೂ ತಲೆಕೆಳಗಾಗಿ ಓದುವವರು ಬಹಳ. ಹಡಗು ಉತ್ತರಕ್ಕೋ ದಕ್ಷಿಣಕ್ಕೋ ಸಾಗುತ್ತಿದ್ದು ಅಲೆ ಪಶ್ಚಿಮದಿಂದ ಬರುತ್ತಿದ್ದರೆ ಅದು ಪಕ್ಕೆಗೆ ಬಡಿದು ಹಡಗನ್ನು ತೊಟ್ಟಿಲಿನಂತೆ ಹೊರಳಿಸುತ್ತದೆ. ಹಡಗಿನ ಬದಿಯ ಸ್ಟೆಬಿಲೈಸರ್ ರೆಕ್ಕೆಗಳು ಈ ಹೊರಳಾಟವನ್ನು ಬಹಳಷ್ಟು ತಗ್ಗಿಸುತ್ತವೆ, ಆದರೆ ಹಡಗಿನ ಮೂತಿ ಎದ್ದು ಬೀಳುವುದನ್ನು ತಡೆಯಲಾರವು.

ಮುನ್ಸೂಚನೆಗೆ ನಾನು ನಂಬುವುದು ಎರಡನ್ನೇ. ಒಂದು, ನಾರ್ವೆಯ ಹವಾಮಾನ ಸಂಸ್ಥೆಯೂ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆಯೂ ಸೇರಿ 2007ರಿಂದ ನಡೆಸುತ್ತಿರುವ ವೈಆರ್ (Yr) ಎಂಬ ಎರಡಕ್ಷರದ ಸೇವೆ. ನಾರ್ವೆ ಭಾಷೆಯಲ್ಲಿ ಆ ಪದದ ಅರ್ಥವೇ ಜಿನುಗು ಮಳೆ. ಅದು ಗಾಳಿಯನ್ನು ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ ಕೊಡುವುದರಿಂದ 10 ಎಂದು ಕಂಡರೆ ಗಂಟೆಗೆ 36 ಕಿ.ಮೀ. ಎಂದು ತಿಳಿಯಬೇಕು. ಇನ್ನೊಂದು, ಬ್ರಿಟನ್ನಿನ ಹವಾಮಾನ ಸಂಸ್ಥೆಯಾದ ಮೆಟ್ ಆಫೀಸಿನ ಶಿಪ್ಪಿಂಗ್ ಫೋರ್‌ಕಾಸ್ಟ್. ಕಡಲನ್ನು 31 ವಲಯಗಳಾಗಿ ಹಂಚಿಕೊಂಡಿರುವ ಅದರ ಒಂದೊಂದು ಪದಕ್ಕೂ ಗೊತ್ತಾದ ಅಳತೆಯಿದೆ: ಸ್ಲೈಟ್ ಎಂದರೆ ಅರ್ಧ ಮೀಟರಿನಿಂದ 1.25 ಮೀಟರ್ ಅಲೆ, ಮಾಡರೇಟ್ ಎಂದರೆ 2.5ರವರೆಗೆ, ರಫ್ ಎಂದರೆ 4ರವರೆಗೆ. ಬಿರುಗಾಳಿಯ ಎಚ್ಚರಿಕೆಯೊಂದಿಗೆ ಇಮಿನೆಂಟ್ ಎಂದಿದ್ದರೆ 6 ಗಂಟೆಯೊಳಗೆ, ಸೂನ್ ಎಂದಿದ್ದರೆ 6ರಿಂದ 12 ಗಂಟೆಯೊಳಗೆ. ಐದು ದಿನಕ್ಕಿಂತ ಆಚೆಯದನ್ನು ಯಾರೇ ಹೇಳಿದರೂ ಕಿವಿಗೆ ಹಾಕಿಕೊಳ್ಳಬೇಡಿ. ಇಷ್ಟನ್ನೂ ಓದಲು ಬೇಸರವೆನಿಸಿದವರಿಗೆ ಒಂದು ಅಡ್ಡದಾರಿಯಿದೆ: ಸಂಜೆ ಈಜುಕೊಳದ ನೀರನ್ನು ಖಾಲಿ ಮಾಡಿ ಬಲೆ ಬಿಗಿಯುತ್ತಿದ್ದರೆ, ಲಿಫ್ಟಿನ ಬಳಿ ಮೆಟ್ಟಿಲ ಕಂಬಿಯ ಸಂದಿಯಲ್ಲಿ ವಾಂತಿಯ ಕಾಗದದ ಚೀಲಗಳನ್ನು ಸಾಲಾಗಿ ಸಿಕ್ಕಿಸಿದ್ದರೆ, ಆ ರಾತ್ರಿಯ ಮುನ್ಸೂಚನೆ ಸಿಕ್ಕಂತೆಯೇ.

ನಾಲ್ಕನೆಯದು ಮಾತ್ರೆ. ವಾಂತಿ ತಡೆಯುವ ಮೆಕ್ಲಿಜಿನ್‌ನಂಥ ಮಾತ್ರೆಯನ್ನು ಹಡಗು ಬಯಲು ಕಡಲಿಗೆ ಬೀಳುವುದಕ್ಕೆ ಕನಿಷ್ಠ ಒಂದು ಗಂಟೆ ಮುಂಚೆ ನುಂಗಬೇಕು. ವಾಂತಿ ಆರಂಭವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನಿದ್ದೆ ತರಿಸುವ ಈ ಮಾತ್ರೆಗಳು ಗ್ಲಾಕೋಮ, ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರಿಗೆ ಒಗ್ಗದಿರಬಹುದಾದ್ದರಿಂದ ಊರಿನಲ್ಲಿಯೇ ವೈದ್ಯರನ್ನು ಕೇಳಿಕೊಂಡು ಹೊರಡಬೇಕು. ಬರಿಹೊಟ್ಟೆಯಲ್ಲಿರಬಾರದು. ವಾಂತಿ ತಡೆಯುತ್ತವೆಂದು ಮಣಿಕಟ್ಟಿಗೆ ಕಟ್ಟುವ ಗುಂಡಿಯ ಪಟ್ಟಿಗಳಿಂದ ನಮ್ಮ ಗುಂಪಿನಲ್ಲಿ ಯಾರಿಗೂ ಪ್ರಯೋಜನವಾದದ್ದನ್ನು ನಾನು ಕಾಣೆ.

ಐದನೆಯದು ಬಟ್ಟೆ. ಜುಲೈಯಲ್ಲಿ ಸ್ಟಾಕ್‌ಹೋಮ್‌ನ ಹಗಲು ಸಾಮಾನ್ಯವಾಗಿ 22–23 ಡಿಗ್ರಿ, ಬರ್ಗೆನ್‌ನದು 18ರ ಆಸುಪಾಸು, ನಾರ್ವೆಯ ಉತ್ತರ ತುದಿಯ ನಾರ್ತ್ ಕೇಪ್‌ನಲ್ಲಿ 10 ಡಿಗ್ರಿ ಇದ್ದರೆ ಹೆಚ್ಚು. ಆದರೆ ಹಡಗೇ ಗಂಟೆಗೆ 35–40 ಕಿ.ಮೀ. ವೇಗದಲ್ಲಿ ಸಾಗುವಾಗ, ಗಾಳಿಯಿಲ್ಲದ ದಿನವೂ ಡೆಕ್ಕಿನ ಮೇಲೆ ಅಷ್ಟು ಗಾಳಿ ಬೀಸುತ್ತದೆ; 10 ಡಿಗ್ರಿಯ ಹವೆ ಅಲ್ಲಿ ಮೈಗೆ 6 ಡಿಗ್ರಿಯಂತೆ ತಾಗುತ್ತದೆ. ಗೈರಾಂಗರ್‌ನಿಂದ ಬಸ್ಸಿನಲ್ಲಿ ಸುಮಾರು 1,500 ಮೀಟರ್ ಎತ್ತರದ ಡಾಲ್ಸ್‌ನಿಬ್ಬಾಗೆ ಹತ್ತಿದರೆ, ಕೆಳಗೆ 18 ಡಿಗ್ರಿ ಇದ್ದದ್ದು ಮೇಲೆ 8–9ಕ್ಕೆ ಇಳಿಯುತ್ತದೆ, ಜೂನ್‌ನಲ್ಲೂ ಹಿಮವಿರುತ್ತದೆ. ಹಾಗೆಂದು ಎರಡು ಕಿಲೋ ತೂಗುವ ಜಾಕೆಟ್ ಕೊಳ್ಳುವುದು ಹಣ ದಂಡ. ತೆಳುವಾದ ಉಣ್ಣೆಯ ಒಳಂಗಿ, ಅದರ ಮೇಲೊಂದು ಸ್ವೆಟರ್, ಎಲ್ಲದರ ಮೇಲೆ ಗಾಳಿಯನ್ನೂ ಮಳೆಯನ್ನೂ ತಡೆಯುವ, ಹೊಲಿಗೆಗಳ ಮೇಲೆ ಒಳಗಿನಿಂದ ಟೇಪ್ ಅಂಟಿಸಿದ ಹಗುರ ಜಾಕೆಟ್ ಇದ್ದರೆ ಸಾಕು. ಹೊಲಿಗೆಯನ್ನು ತಿರುಗಿಸಿ ನೋಡದೆ ಕೊಂಡ ಅಗ್ಗದ ವಿಂಡ್‌ಚೀಟರ್ ಹತ್ತು ನಿಮಿಷದಲ್ಲಿ ಭುಜದ ಬಳಿ ಜಿನುಗುತ್ತದೆ. ವರ್ಷಕ್ಕೆ 2,000 ಮಿ.ಮೀ.ಗೂ ಹೆಚ್ಚು ಮಳೆ ಕಾಣುವ ಬರ್ಗೆನ್‌ನಲ್ಲಿ ನಮ್ಮ ಮಡಿಸುವ ಕೊಡೆಗಳು ಗಾಳಿಗೆ ಬಟ್ಟಲಿನಂತೆ ತಿರುಚಿಕೊಳ್ಳುವುದನ್ನು ಬಂದರಿನ ಕಸದ ಬುಟ್ಟಿಗಳೇ ಹೇಳುತ್ತವೆ. ಜೀನ್ಸ್ ಬೇಡವೇ ಬೇಡ. ನೆನೆದರೆ ಕ್ಯಾಬಿನ್‌ನಲ್ಲಿ ಎರಡು ದಿನವಾದರೂ ಒಣಗುವುದಿಲ್ಲ.

ಕೊನೆಯದಾಗಿ, ಹಡಗು ಕಟ್ಟೆಗೆ ತಾಗದೆ ಸಣ್ಣ ದೋಣಿಗಳಲ್ಲಿ ದಡಕ್ಕೆ ಕರೆದೊಯ್ಯುವ ಬಂದರುಗಳಲ್ಲಿ ಗಾಳಿಯೋ ಅಲೆಯೋ ಜೋರಾದರೆ ಇಳಿಯುವುದನ್ನೇ ರದ್ದು ಮಾಡುತ್ತಾರೆ. ಆದ್ದರಿಂದ ಅಂಥ ಕಡೆ ಹಡಗಿನವರದಲ್ಲದ, ಹೊರಗಿನ ಸಂಸ್ಥೆಗಳು ನಡೆಸುವ ದಡದ ಪ್ರವಾಸಕ್ಕೆ ಹಣ ಮರಳದ ಟಿಕೆಟ್ ಕೊಳ್ಳಬಾರದು. ನಾರ್ತ್ ಕೇಪ್‌ನಲ್ಲಿ ಮೇ ಮಧ್ಯಭಾಗದಿಂದ ಜುಲೈ ಕೊನೆಯವರೆಗೆ ಸೂರ್ಯ ಮುಳುಗುವುದಿಲ್ಲವಾದರೂ, ತಣ್ಣನೆಯ ನೀರಿನ ಮೇಲೆ ಹಾಯುವ ಬೆಚ್ಚನೆಯ ತೇವದ ಗಾಳಿ ಮಂಜಾಗಿ ಕವಿದರೆ 307 ಮೀಟರಿನ ಬಂಡೆಯ ಮೇಲೆ ನಿಂತರೂ ಕಾಣುವುದು ಬಿಳಿಯ ಗೋಡೆ ಮಾತ್ರ. ಮಂಜಿಲ್ಲದ ದಿನ ನಡುರಾತ್ರಿಯ ಬಿಸಿಲು ಕ್ಯಾಬಿನ್ನಿನ ಪರದೆಯ ಸಂದಿಯಿಂದ ನೇರವಾಗಿ ಕಣ್ಣಿಗೇ ಬೀಳುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ನಾಲ್ಕಾದರೂ ಪೆಟ್ಟಿಗೆಗೆ ಹಾಕಿಕೊಂಡರೆ ಪರದೆಯ ಎರಡು ಅಂಚುಗಳನ್ನು ಸೇರಿಸಿ ಬಿಗಿಯಬಹುದು.