ಪಂಪ್ ಬದಲಿಸುವ ಮೊದಲು ಗೇಜ್ ಹಾಕಿ

ನಾನು ಮೆಕ್ಯಾನಿಕ್ ಅಲ್ಲ. ಹಳೆ ಕಾರು ಇಟ್ಟುಕೊಂಡ ತಪ್ಪಿಗೆ ಅರ್ಧ ಮೆಕ್ಯಾನಿಕ್ ಆದವನು. ನನ್ನದು 25 ವರ್ಷ ದಾಟಿದ ಪೆಟ್ರೋಲ್ ಕಾರು. ನಾಲ್ಕು ಸಿಲಿಂಡರ್, ಒಂದೊಂದಕ್ಕೂ ಪೆಟ್ರೋಲ್ ಚಿಮ್ಮಿಸುವ ಒಂದು ಇಂಜೆಕ್ಟರ್. ಸಮತಟ್ಟು ರಸ್ತೆಯಲ್ಲಿ ಚೆನ್ನಾಗೇ ಓಡುತ್ತಿತ್ತು. ಏರು ಹತ್ತುವಾಗ ಮೂರನೇ ಗೇರಿನಲ್ಲಿ ಪೆಡಲ್ ಪೂರ್ತಿ ತುಳಿದರೆ ಮಾತ್ರ ಉಸಿರು ಕಟ್ಟಿದಂತೆ ಮುಗ್ಗರಿಸುತ್ತಿತ್ತು. ಕಾಲು ಸಡಿಲಿಸಿದರೆ ಮತ್ತೆ ಸರಿ. ನೋಡಿದವರೆಲ್ಲ "ಪಂಪ್ ಹೋಗಿದೆ" ಅಂದರು. ಟ್ಯಾಂಕಿನಿಂದ ಎಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪ್ ಅದು. ಹಿಂದಿನ ಸೀಟು ಕಿತ್ತು ಹೊಸದು ಹಾಕಿದೆ. ಮರುದಿನ ಅದೇ ಏರು, ಅದೇ ಮುಗ್ಗರಿಕೆ.

ಆಮೇಲೆ ಪೆಟ್ರೋಲಿನ ಒತ್ತಡ ಅಳೆಯುವ ಫ್ಯೂಯೆಲ್ ಪ್ರೆಶರ್ ಗೇಜ್ ತಂದೆ. ಮೊದಲೇ ತರಬೇಕಿತ್ತು, ಅಲ್ವಾ?

ಕೈ ಹಾಕುವ ಮೊದಲು ಒಂದು ಮಾತು. ಇಲ್ಲಿ ಹೇಳುವುದೆಲ್ಲ ಮಾಮೂಲಿ ಪೆಟ್ರೋಲ್ ಗಾಡಿಗೆ, ಸಿಲಿಂಡರಿನೊಳಗೇ ನೇರವಾಗಿ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಗಾಡಿಗೆ ಅಲ್ಲ. ಕಾಮನ್ ರೈಲ್ ಡೀಸೆಲ್ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ಅದರಲ್ಲಿ ಸಾವಿರ ಬಾರ್‌ಗಿಂತ ಜಾಸ್ತಿ ಒತ್ತಡ ಇರುತ್ತದೆ, ಸೋರುವ ಎಳೆಯೇ ಚರ್ಮ ತೂರಿ ಒಳಗೆ ಹೋಗುತ್ತದೆ. ಪೆಟ್ರೋಲ್ ಗಾಡಿಯಲ್ಲೂ ಪೈಪ್ ಬಿಚ್ಚುವ ಮೊದಲು ಒತ್ತಡ ಇಳಿಸಬೇಕು. ಪಂಪಿನ ಫ್ಯೂಸ್ ಕಿತ್ತು ಎಂಜಿನ್ ಚಾಲು ಮಾಡಿ. ಉಳಿದ ಪೆಟ್ರೋಲ್ ಕುಡಿದು ಅದೇ ಆಫ್ ಆಗುತ್ತದೆ. ಇನ್ನೊಮ್ಮೆ ಸ್ಟಾರ್ಟರ್ ತಿರುಗಿಸಿ, ಬ್ಯಾಟರಿಯ ಮೈನಸ್ ಬಿಚ್ಚಿ, ಜೋಡಣೆಗೆ ಬಟ್ಟೆ ಸುತ್ತಿ ನಿಧಾನವಾಗಿ ಸಡಿಲಿಸಿ. ಗಾಳಿಯಾಡುವ ಜಾಗ, ತಣ್ಣಗಿನ ಎಂಜಿನ್, ಕೈಗೆಟುಕುವಂತೆ ಬೆಂಕಿ ಆರಿಸುವ ಸಿಲಿಂಡರ್. ಬೆಳಕಿಗೆ ಬ್ಯಾಟರಿ ಟಾರ್ಚ್ ಸಾಕು. ಬಿಸಿಯಾಗುವ ಬಲ್ಬ್ ಒಡೆದು ಪೆಟ್ರೋಲ್ ತಾಗಿದರೆ ಕಥೆ ಮುಗಿಯಿತು.

ಎಷ್ಟು ಒತ್ತಡ ಇರಬೇಕು ಎಂಬುದು ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ. ಅಂದಾಜಿಗೆ ಹೇಳುವುದಾದರೆ, ಕಾರ್ಬ್ಯುರೇಟರ್ ಗಾಡಿಗೆ 0.2ರಿಂದ 0.4 ಬಾರ್. ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲೇ ಇಂಜೆಕ್ಟರ್ ಇರುವ ಹಳೆ ಮಾದರಿಗಳಲ್ಲಿ ಹೆಚ್ಚಿನವಕ್ಕೆ 1 ಬಾರ್ ಆಸುಪಾಸು. ಸಿಲಿಂಡರಿಗೊಂದು ಇಂಜೆಕ್ಟರ್ ಇದ್ದರೆ ಸಾಮಾನ್ಯವಾಗಿ 2.5ರಿಂದ 4 ಬಾರ್. ಕೆಲವು ಗಾಡಿಗಳಲ್ಲಿ ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯ (ಫ್ಯೂಯೆಲ್ ರೈಲ್) ಮೇಲೆ ಟೈರಿಗೆ ಗಾಳಿ ಹಿಡಿಯುವಂಥ ಪುಟ್ಟ ವಾಲ್ವ್ ಇರುತ್ತದೆ, ಗೇಜ್ ಅಲ್ಲಿಗೇ ಕೂರುತ್ತದೆ. ನನ್ನದಕ್ಕೆ ಅದಿರಲಿಲ್ಲ. ಫಿಲ್ಟರ್ ದಾಟಿದ ಮೇಲಿನ ರಬ್ಬರ್ ಪೈಪಿನ ನಡುವೆ ಟಿ ಆಕಾರದ ತುಂಡು ಸೇರಿಸಿ, ಎರಡೂ ಕಡೆ ಕ್ಲಾಂಪ್ ಬಿಗಿದೆ. ಪೈಪ್ ಇಂಜೆಕ್ಷನ್ ಒತ್ತಡ ತಡೆಯುವಂಥದ್ದೇ ಆಗಿರಬೇಕು. ಕಾರ್ಬ್ಯುರೇಟರ್ ಪೈಪ್ ಇಲ್ಲಿ ನಡೆಯುವುದಿಲ್ಲ.

ಈಗ ಬ್ಯಾಟರಿ, ಫ್ಯೂಸ್ ಮತ್ತೆ ಜೋಡಿಸಿ ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಟ್ಯಾಂಕಿನ ಕಡೆಯಿಂದ ಎರಡು ಮೂರು ಸೆಕೆಂಡ್ ಗುಂಯ್ ಅನ್ನುವ ಸದ್ದು ಬರಬೇಕು, ಮುಳ್ಳು ಏರಬೇಕು. ಸದ್ದೇ ಇಲ್ಲದಿದ್ದರೆ ಫ್ಯೂಸ್, ರಿಲೇ ನೋಡಿ. ಕೆಲವು ಗಾಡಿಗಳಲ್ಲಿ ಅಪಘಾತವಾದರೆ ಪಂಪ್ ನಿಲ್ಲಿಸುವ ಒಂದು ಸ್ವಿಚ್ ಇರುತ್ತದೆ, ಜೋರಾಗಿ ಗುಂಡಿಗೆ ಇಳಿದರೂ ಅದು ಕೆಲವೊಮ್ಮೆ ಆಫ್ ಆಗಿಬಿಡುತ್ತದೆ. ಅದನ್ನು ಒತ್ತಿ ನೋಡುವುದನ್ನು ಮರೆಯಬೇಡಿ.

ನನ್ನ ಗೇಜ್ ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) 2.5 ಬಾರ್ ತೋರಿಸಿತು. ಪುಸ್ತಕದಲ್ಲಿ ಇದ್ದದ್ದೂ ಅಷ್ಟೇ. ಇಲ್ಲೇ ಜನ ಮೋಸ ಹೋಗುವುದು. ನೀರಿನ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ಸಣ್ಣ ಧಾರೆಯೂ ದೂರ ಚಿಮ್ಮುತ್ತದೆ. ಒತ್ತಡ ಇದೆ, ಆದರೆ ಬಕೆಟ್ ತುಂಬುವಷ್ಟು ನೀರಿಲ್ಲ. ಐಡಲ್‌ನಲ್ಲಿ ಎಂಜಿನ್ ಕುಡಿಯುವುದು ಗುಟುಕು ಪೆಟ್ರೋಲ್. ಸೋತ ಪಂಪೂ ಅಷ್ಟು ಕೊಡುತ್ತದೆ. ಆದ್ದರಿಂದ ಉದ್ದ ಪೈಪಿನ ಗೇಜನ್ನು ಗಾಜಿನ ಹೊರಗಡೆ ಟೇಪ್ ಹಾಕಿ ಅಂಟಿಸಿ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಏರಿಗೆ ಹೋಗಿ. ಗೇಜನ್ನು ಕಾರಿನೊಳಗೆ ಮಾತ್ರ ತರಬೇಡಿ. ಪೆಡಲ್ ತುಳಿದಾಗ ನನ್ನದು 3ಕ್ಕೆ ಏರಬೇಕಿತ್ತು. 1.7ಕ್ಕೆ ಇಳಿಯಿತು.

ಅಂದರೆ ಪೆಟ್ರೋಲ್ ಸಾಲುತ್ತಿಲ್ಲ. ಫಿಲ್ಟರ್ ಕಟ್ಟಿರಬಹುದು, ಟ್ಯಾಂಕಿನೊಳಗಿನ ಜಾಲರಿ ಕಟ್ಟಿರಬಹುದು, ಪಂಪ್ ಸೋತಿರಬಹುದು. ಟ್ಯಾಂಕಿಗೆ ಗಾಳಿ ಹೋಗುವ ದಾರಿ ಮುಚ್ಚಿದ್ದರೂ ಹೀಗೇ ಆಗುತ್ತದೆ. ಮುಗ್ಗರಿಸಿದ ತಕ್ಷಣ ನಿಲ್ಲಿಸಿ ಮುಚ್ಚಳ ತೆಗೆದರೆ ಗಾಳಿ ಸುಯ್ ಎಂದು ಒಳಗೆ ಎಳೆದುಕೊಳ್ಳುತ್ತದೆ. ನಾನು ಫಿಲ್ಟರ್ ಬದಲಿಸಿದೆ, ಮುಚ್ಚಳ ತೆರೆದು ನೋಡಿದೆ, ಏನೂ ಬದಲಾಗಲಿಲ್ಲ. ಮಿಕ್ಕ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪನ್ನು ಕ್ಯಾನಿಗೆ ಬಿಟ್ಟು, ಎಂಜಿನ್ ಆಫ್ ಇಟ್ಟು, ಪಂಪನ್ನು ಮಾತ್ರ 30 ಸೆಕೆಂಡ್ ಓಡಿಸಿದೆ. ಅಷ್ಟು ಹೊತ್ತಿನಲ್ಲಿ ಕಡಿಮೆಯೆಂದರೂ ಅರ್ಧ ಲೀಟರ್ ಬರಬೇಕು ಅನ್ನುವುದು ವಾಡಿಕೆಯ ಲೆಕ್ಕ. ನನಗೆ ಅದರ ಅರ್ಧವೂ ಬರಲಿಲ್ಲ. ಹೊಚ್ಚ ಹೊಸ ಪಂಪ್!

ಆಗ ಕೊನೆಗೂ ಮಲ್ಟಿಮೀಟರ್ ಹಿಡಿದೆ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್. ಪಂಪಿನ ಎರಡು ಕಾಲುಗಳ ನಡುವೆ 9.8. ನಾಲ್ಕು ವೋಲ್ಟ್ ದಾರಿಯಲ್ಲೇ ಕಳೆದುಹೋಗಿತ್ತು. ಎಲ್ಲಿ ಅಂತ ಹುಡುಕುವುದು ಸುಲಭ. ಪಂಪ್ ಓಡುತ್ತಿರುವಾಗಲೇ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಪಂಪಿನ ಪ್ಲಸ್‌ಗೆ ಇಡಿ. 0.5 ಬಂತು, ಹಳೆ ವೈರಿಗೆ ಪರವಾಗಿಲ್ಲ. ಆಮೇಲೆ ಬ್ಯಾಟರಿಯ ಮೈನಸ್, ಪಂಪಿನ ಮೈನಸ್. 3.5! ಅಲ್ಲಿ 0.2, 0.3 ದಾಟಬಾರದು. ಅರ್ಥಿಂಗ್ ವೈರ್ ಹಿಡಿದು ಹೋದರೆ ಡಿಕ್ಕಿಯ ನೆಲದಲ್ಲಿ ಒಂದು ಬೋಲ್ಟು, ಅದರ ಕೆಳಗೆ ಹಸಿರು ಹಿಡಿದ ತಾಮ್ರ, ತುಕ್ಕು. ಉಜ್ಜಿ ಲೋಹ ಹೊಳೆಯುವಂತೆ ಮಾಡಿ ಬಿಗಿದೆ. ಪಂಪಿಗೆ 13.2 ವೋಲ್ಟ್ ಬಂತು. ಏರಿನಲ್ಲಿ ಮುಳ್ಳು 3ರಲ್ಲೇ ನಿಂತಿತು. ಕಿತ್ತ ಹಳೆ ಪಂಪ್ ಈಗಲೂ ಡಬ್ಬಿಯಲ್ಲಿದೆ. ಪಾಪ, ಸುಮ್ನೆ ಬೈಸಿಕೊಂಡಿತು.

ನಿಮ್ಮ ಗಾಡಿಯ ತೊಂದರೆ ಬೇರೆಯಾಗಿರಬಹುದು. ಒತ್ತಡ ಜಾಸ್ತಿ ಇದ್ದು ಕಪ್ಪು ಹೊಗೆ ಬರುತ್ತಿದ್ದರೆ ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರ್ ಅಥವಾ ಹಿಸುಕಿಹೋದ ರಿಟರ್ನ್ ಪೈಪ್ ಕಡೆ ನೋಡಿ. ರೈಲ್ ಮೇಲಿನ ರೆಗ್ಯುಲೇಟರಿಗೆ ಒಂದು ಸಣ್ಣ ವ್ಯಾಕ್ಯೂಮ್ ಪೈಪ್ ಬರುತ್ತದೆ. ಐಡಲ್‌ನಲ್ಲಿ ಅದನ್ನು ಕಿತ್ತರೆ ಒತ್ತಡ ಸುಮಾರು ಅರ್ಧ ಬಾರ್ ಏರಬೇಕು. ಆ ಪೈಪಿನೊಳಗೆ ಪೆಟ್ರೋಲ್ ಹಸಿ ಕಂಡರೆ ರೆಗ್ಯುಲೇಟರಿನ ಒಳಗಿನ ತೆಳು ಪೊರೆ (ಡಯಾಫ್ರಮ್) ಹರಿದಿದೆ, ಬೇರೆ ಪರೀಕ್ಷೆ ಬೇಡ. ಟ್ಯಾಂಕಿನೊಳಗೇ ರೆಗ್ಯುಲೇಟರ್ ಇರುವ, ರಿಟರ್ನ್ ಪೈಪ್ ಇಲ್ಲದ ಗಾಡಿಗಳಿಗೆ ಇದು ಹೊಂದುವುದಿಲ್ಲ.

ಬೆಳಿಗ್ಗೆ ಸ್ಟಾರ್ಟರ್ ತುಂಬ ಹೊತ್ತು ತಿರುಗಿಸಬೇಕಾಗುತ್ತದೆಯೇ? ಕೀ ಆನ್ ಮಾಡಿ, ಪಂಪಿನ ಸದ್ದು ನಿಂತ ಮೇಲೆ ಆಫ್ ಮಾಡಿ. ಹೀಗೆ ಮೂರು ಸಲ ಮಾಡಿ ಸ್ಟಾರ್ಟ್ ಮಾಡಿ. ಪಟ್ಟನೆ ಹಿಡಿದರೆ ರಾತ್ರಿ ಒತ್ತಡ ಸೋರಿಹೋಗುತ್ತಿದೆ ಎಂದರ್ಥ. ಗೇಜ್ ಇಟ್ಟು ಒತ್ತಡ ಏರಿಸಿ, ಕೀ ಆಫ್ ಆದ ತಕ್ಷಣ ರಿಟರ್ನ್ ರಬ್ಬರ್ ಪೈಪನ್ನು ಹಲ್ಲಿಲ್ಲದ ಇಕ್ಕಳದಿಂದ ಒತ್ತಿ ಹಿಡಿಯಿರಿ. ಮುಳ್ಳು ನಿಂತರೆ ರೆಗ್ಯುಲೇಟರ್ ಸೋರುತ್ತಿದೆ. ಮತ್ತೆ ಏರಿಸಿ, ಈ ಸಲ ಗೇಜಿಗಿಂತ ಹಿಂದೆ, ಟ್ಯಾಂಕಿನಿಂದ ಬರುವ ಪೈಪ್ ಒತ್ತಿ. ಈಗ ನಿಂತರೆ ಪಂಪಿನೊಳಗಿನ ವಾಲ್ವ್. ಎರಡಕ್ಕೂ ನಿಲ್ಲದೆ ಇಳಿಯುತ್ತಿದ್ದರೆ ಯಾವುದೋ ಇಂಜೆಕ್ಟರ್ ತೊಟ್ಟಿಕ್ಕುತ್ತಿದೆ. ಬಿರುಕು ಬಿಟ್ಟ ಹಳೆ ಪೈಪನ್ನು ಒತ್ತಲು ಹೋಗಬೇಡಿ, ಮೊದಲು ಅದನ್ನೇ ಬದಲಿಸಿ. ಪ್ಲಾಸ್ಟಿಕ್ ಪೈಪನ್ನಂತೂ ಮುಟ್ಟಲೇಬೇಡಿ.

ಗೇಜ್ ಬಿಚ್ಚುವಾಗಲೂ ಮೊದಲಿನಂತೆಯೇ ಒತ್ತಡ ಇಳಿಸಿ. ಜೋಡಿಸಿದ ಮೇಲೆ ಕೀಯನ್ನು ನಾಲ್ಕೈದು ಸಲ ಆನ್ ಆಫ್ ಮಾಡಿ, ಪ್ರತಿ ಜೋಡಣೆಗೂ ಒಣ ಟಿಶ್ಯೂ ಒತ್ತಿ ನೋಡಿ. ಒಂದು ಚುಕ್ಕೆ ಹಸಿ ಕಂಡರೂ ಎಂಜಿನ್ ಚಾಲು ಮಾಡಬೇಡಿ, ಕ್ಲಾಂಪ್ ಬಿಚ್ಚಿ ಮತ್ತೆ ಕೂರಿಸಿ.