ರಕ್ತ ನಿಲ್ಲಬೇಕಾದರೆ ಹತ್ತು ನಿಮಿಷ ಕೈ ತೆಗೆಯಬೇಡಿ

ಬೆರಳು ಕೊಯ್ದುಕೊಂಡಾಗ ಹೆಚ್ಚಿನವರು ಬಟ್ಟೆ ಒತ್ತಿ ಅರ್ಧ ನಿಮಿಷಕ್ಕೆ ತೆಗೆದು ನೋಡುತ್ತಾರೆ. ಇನ್ನೂ ಒಸರುತ್ತಿದೆ ಎಂದು ಮತ್ತೆ ಒತ್ತುತ್ತಾರೆ, ಮತ್ತೆ ನೋಡುತ್ತಾರೆ. ನೋಡಿದಾಗಲೆಲ್ಲ ಆಗಷ್ಟೇ ಕೂತ ಹೆಪ್ಪು ಬಟ್ಟೆಯ ಜೊತೆ ಕಿತ್ತು ಬರುತ್ತದೆ, ಒಳಗಿನ ಕೆಲಸ ಮೊದಲಿನಿಂದ ಶುರುವಾಗಬೇಕಾಗುತ್ತದೆ. ಆ ಕೆಲಸ ಏನೆಂದು ಗೊತ್ತಿದ್ದರೆ ಕೈ ತಾನಾಗಿಯೇ ತಡೆದುಕೊಳ್ಳುತ್ತದೆ.

ಆ ಕೆಲಸ ಶುರುಮಾಡುವುದು ಪ್ಲೇಟ್‌ಲೆಟ್ ಎಂಬ ರಕ್ತದ ಕಣಗಳು. ಒಂದು ಮೈಕ್ರೋಲೀಟರ್ (ಲೀಟರಿನ ಹತ್ತು ಲಕ್ಷದ ಒಂದು ಪಾಲು) ರಕ್ತದಲ್ಲಿ ಇವು ಸುಮಾರು 1.5 ಲಕ್ಷದಿಂದ 4.5 ಲಕ್ಷ ಇರುತ್ತವೆ. ಒಂದೊಂದೂ 2–3 ಮೈಕ್ರೋಮೀಟರ್ ಅಗಲದ ಚಪ್ಪಟೆ ಬಿಲ್ಲೆ. ಮೂಳೆಮಜ್ಜೆಯ ದೊಡ್ಡ ಜೀವಕೋಶಗಳಿಂದ ಉದುರಿ ಬಂದ ಇವುಗಳಿಗೆ ಕೋಶಕೇಂದ್ರವಿಲ್ಲ, ಆಯುಸ್ಸು 7ರಿಂದ 10 ದಿನ. ರಕ್ತನಾಳದ ಒಳಪದರ ನಯವಾಗಿ, ಇಡಿಯಾಗಿ ಇರುವವರೆಗೆ ಅವು ಅದಕ್ಕೆ ಅಂಟುವುದಿಲ್ಲ.

ನಾಳ ಹರಿದ ಕೂಡಲೇ ಅದರ ಗೋಡೆ ಬಿಗಿದುಕೊಳ್ಳುತ್ತದೆ. ಹರಿದ ಜಾಗದಲ್ಲಿ ಕೊಲಾಜೆನ್ ಎಂಬ ನಾರು ರಕ್ತಕ್ಕೆ ತೆರೆದುಕೊಳ್ಳುತ್ತದೆ. ರಕ್ತದಲ್ಲಿ ಸುರುಳಿ ಸುತ್ತಿಕೊಂಡು ತೇಲುವ ವಾನ್ ವಿಲ್ಲೆಬ್ರಾಂಡ್ ಅಂಶ ಎಂಬ ಉದ್ದನೆಯ ಪ್ರೋಟೀನು ಆ ನಾರಿಗೆ ಸಿಕ್ಕಿಕೊಳ್ಳುತ್ತದೆ. ರಕ್ತದ ಸೆಳೆತಕ್ಕೆ ಅದರ ಸುರುಳಿ ಬಿಚ್ಚಿ, ಹಾದುಹೋಗುವ ಪ್ಲೇಟ್‌ಲೆಟ್‌ಗಳು ಅದಕ್ಕೆ ತಗಲಿಕೊಳ್ಳುತ್ತವೆ. ತಗಲಿಕೊಂಡ ಬಿಲ್ಲೆ ಆಕಾರ ಬದಲಿಸಿ ಉಂಡೆಯಾಗುತ್ತದೆ, ಸುತ್ತಲೂ ಬಳ್ಳಿಯಂಥ ಕೈಗಳನ್ನು ಚಾಚುತ್ತದೆ. ಎಡಿಪಿ, ಥ್ರಾಂಬಾಕ್ಸೇನ್ ಎಂಬ ರಾಸಾಯನಿಕಗಳನ್ನು ಹೊರಬಿಟ್ಟು ಉಳಿದವನ್ನು ಕರೆಯುತ್ತದೆ. ಬಂದವುಗಳ ನಡುವೆ ಫೈಬ್ರಿನೋಜೆನ್ ಎಂಬ ರಕ್ತದ ಪ್ರೋಟೀನು ಸೇತುವೆಯಾಗಿ ನಿಂತು, ಕೆಲವೇ ನಿಮಿಷಗಳಲ್ಲಿ ಒಂದು ಬೆಣೆ ಕಟ್ಟಿಕೊಳ್ಳುತ್ತದೆ.

ಈ ಬೆಣೆ ಸಡಿಲ. ಅದನ್ನು ಗಟ್ಟಿಮಾಡುವುದು ಫೈಬ್ರಿನೋಜೆನ್‌ನಿಂದಲೇ ಆಗುವ ಫೈಬ್ರಿನ್ ಎಳೆಗಳ ಬಲೆ. ಆ ಬಲೆ ನೇಯುವ ಥ್ರಾಂಬಿನ್ ಎಂಬ ಕಿಣ್ವ ತಯಾರಾಗುವುದೂ ಮುಖ್ಯವಾಗಿ ಪ್ಲೇಟ್‌ಲೆಟ್‌ಗಳ ಮೈಮೇಲೆಯೇ, ಕ್ಯಾಲ್ಸಿಯಂ ಸಹಾಯದಿಂದ. ಬಲೆ ಕೂತ ಮೇಲೆ ಪ್ಲೇಟ್‌ಲೆಟ್‌ಗಳು ಸ್ನಾಯುವಿನಂತೆ ಕುಗ್ಗಿ ಎಳೆಗಳನ್ನು ಒಳಕ್ಕೆ ಎಳೆಯುತ್ತವೆ, ಗಾಯದ ಅಂಚುಗಳು ಹತ್ತಿರವಾಗುತ್ತವೆ. ಸಡಿಲ ಬೆಣೆಗೂ ಬಿಗಿದ ಹೆಪ್ಪಿಗೂ ನಡುವಿನ ಈ ಅವಧಿಯಲ್ಲೇ ನಾವು ಬಟ್ಟೆ ಎತ್ತಿ ನೋಡುವುದು.

ಒತ್ತುವುದರಿಂದ ಹರಿವು ತಗ್ಗುತ್ತದೆ, ಬಿಲ್ಲೆಗಳು ಕೊಚ್ಚಿಹೋಗದೆ ನಿಲ್ಲುತ್ತವೆ. ಒತ್ತುವ ಕ್ರಮ ಹೀಗೆ. ಸ್ವಚ್ಛವಾದ ಬಟ್ಟೆಯನ್ನೋ ಗಾಯಕ್ಕೆ ಕಟ್ಟುವ ತೆಳು ಜಾಳಿಗೆ ಬಟ್ಟೆಯನ್ನೋ (ಗಾಜ್) ಮಡಚಿ ರಕ್ತ ಬರುವ ಬಿಂದುವಿನ ಮೇಲೇ ಇಡಿ. ಬೆರಳ ತುದಿಯಿಂದಲೋ ಅಂಗೈಯಿಂದಲೋ ಗಟ್ಟಿಯಾಗಿ, ಒಂದೇ ಸಮನೆ ಒತ್ತಿ. ಗಡಿಯಾರ ನೋಡಿಕೊಂಡು ಪೂರ್ತಿ 10 ನಿಮಿಷ ಹಿಡಿಯಿರಿ. ಅಂದಾಜಿಗೆ ಬಿಟ್ಟರೆ ಮೂರು ನಿಮಿಷವೇ ಹತ್ತರಂತೆ ಅನಿಸುತ್ತದೆ. ಬಟ್ಟೆ ನೆನೆದರೆ ಅದನ್ನು ಕೀಳದೆ ಮೇಲೊಂದು ಇಟ್ಟು ಇನ್ನೂ ಬಲವಾಗಿ ಒತ್ತಿ. ಎರಡನೆಯದೂ ನೆನೆದರೆ ಒತ್ತಡ ಸರಿಯಾದ ಜಾಗಕ್ಕೆ ಬಿದ್ದಿಲ್ಲ ಎಂದರ್ಥ. ಆಗ ಮಾತ್ರ ಎರಡನ್ನೂ ತೆಗೆದು, ರಕ್ತ ಚಿಮ್ಮುವ ಬಿಂದು ಹುಡುಕಿ, ಹೊಸದರಿಂದ ಅಲ್ಲೇ ಒತ್ತಬೇಕು. ಬಟ್ಟೆಯ ರಾಶಿ ಹೆಚ್ಚಿದಷ್ಟೂ ಒತ್ತಡ ಹರಡಿ ಹೋಗುತ್ತದೆ, ಅನೇಕರು ಎಡವುವುದು ಇಲ್ಲೇ.

ಗಾಯದಲ್ಲಿ ಗಾಜಿನ ಚೂರೋ ಕಬ್ಬಿಣವೋ ನಾಟಿದ್ದರೆ ಕೀಳಬೇಡಿ. ಅದೇ ಹರಿದ ನಾಳಕ್ಕೆ ಬಿರಡೆಯಾಗಿರಬಹುದು. ಅದರ ಎರಡೂ ಬದಿಗೆ ಒತ್ತಿ. ತಲೆಯ ಚರ್ಮ ಸೀಳಿದಾಗ ರಕ್ತ ಧಾರಾಕಾರ ಬರುತ್ತದೆ, ಏಕೆಂದರೆ ಅಲ್ಲಿನ ಬಿಗಿಯಾದ ಅಂಗಾಂಶ ನಾಳಗಳನ್ನು ಕುಗ್ಗಲು ಬಿಡುವುದಿಲ್ಲ. ಅದೂ ಒತ್ತಿದರೆ ನಿಲ್ಲುತ್ತದೆ. ಆದರೆ ಬೆರಳಿಗೆ ಬುರುಡೆ ಕುಸಿದಂತೆ ತಗುಲಿದರೆ ಒತ್ತದೆ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಒಯ್ಯಿರಿ.

ಕೈ ಕಾಲಿನಿಂದ ರಕ್ತ ಚಿಮ್ಮುತ್ತಿದ್ದರೆ, ನೆಲದಲ್ಲಿ ಮಡುಗಟ್ಟುತ್ತಿದ್ದರೆ ಪ್ಲೇಟ್‌ಲೆಟ್‌ಗಳನ್ನು ನಂಬಿ ಕೂರುವಂತಿಲ್ಲ. ಅಪಧಮನಿಯ ಒತ್ತಡದ ಮುಂದೆ ಬೆಣೆ ನಿಲ್ಲದು. ಆಂಬುಲೆನ್ಸ್ ಕರೆಯಿಸಿ, ಒತ್ತುತ್ತಲೇ ಇರಿ. ನಿಲ್ಲದಿದ್ದರೆ ಗಾಯಕ್ಕಿಂತ 5–7 ಸೆಂ.ಮೀ. ಮೇಲೆ, ಕೀಲಿನ ಮೇಲೆ ಬೀಳದಂತೆ ಟೂರ್ನಿಕೆಟ್ (ರಕ್ತ ತಡೆಯಲು ಬಿಗಿಯುವ ಪಟ್ಟಿ) ಕಟ್ಟಿ ರಕ್ತ ನಿಲ್ಲುವವರೆಗೆ ಬಿಗಿಯಬೇಕು. ಕಟ್ಟಿದ ಸಮಯ ಬರೆದಿಡಿ, ನಡುವೆ ಸಡಿಲಿಸಬೇಡಿ. ಅರೆಬರೆ ಬಿಗಿದರೆ ಅಭಿಧಮನಿಗಳಷ್ಟೇ ಮುಚ್ಚಿ ರಕ್ತಸ್ರಾವ ಹೆಚ್ಚುತ್ತದೆ. ಗಾಯಾಳುವಿಗೆ ಕಂಬಳಿ ಹೊದಿಸಿ. ಮೈ ತಣ್ಣಗಾದರೆ ಪ್ಲೇಟ್‌ಲೆಟ್‌ಗಳೂ ಹೆಪ್ಪುಗಟ್ಟಿಸುವ ಪ್ರೋಟೀನುಗಳೂ ನಿಧಾನಿಸುತ್ತವೆ, ಈ ಸಣ್ಣ ಕೆಲಸವನ್ನು ಗಾಬರಿಯಲ್ಲಿ ಎಲ್ಲರೂ ಮರೆಯುತ್ತಾರೆ.

ಮೂಗಿನಿಂದ ರಕ್ತ ಬಂದರೆ ತಲೆ ಹಿಂದಕ್ಕೆ ಬೇಡ, ಮುಂದಕ್ಕೆ ಬಾಗಿ. ಮೂಳೆಯ ಕೆಳಗಿನ ಮೆತ್ತನೆಯ ಭಾಗವನ್ನು ಎರಡು ಬೆರಳಿಂದ ಹಿಂಡಿ 10–15 ನಿಮಿಷ ಹಿಡಿಯಿರಿ, ಬಾಯಿಂದ ಉಸಿರಾಡಿ. ಅರ್ಧ ಗಂಟೆ ದಾಟಿದರೆ ವೈದ್ಯರ ಬಳಿ ಹೋಗಬೇಕು.

ಸಣ್ಣ ಗಾಯವಾದರೆ, ರಕ್ತ ನಿಂತ ಮೇಲೆ ಹರಿಯುವ ನೀರಿನಲ್ಲಿ ಮೆಲ್ಲಗೆ ತೊಳೆದು, ಉಜ್ಜದೆ ಅದುಮಿ ಒರೆಸಿ, ಪಟ್ಟಿ ಕಟ್ಟಿ. ಅಂಟಿಕೊಂಡ ಪಟ್ಟಿಯನ್ನು ಒಣಗಿದ್ದಾಗ ಎಳೆಯದೆ ನೀರಲ್ಲಿ ನೆನೆಸಿ ಬಿಡಿಸಿ. ಹಕ್ಕಳೆ ತಾನಾಗಿ ಉದುರಲಿ.

ಎಲ್ಲ ಸರಿಯಾಗಿ ಮಾಡಿಯೂ ರಕ್ತ ನಿಲ್ಲಲು ತಡವಾದರೆ ಗಾಯಾಳು ಯಾವ ಔಷಧಿ ತೆಗೆದುಕೊಳ್ಳುತ್ತಿದ್ದಾರೆ ಎಂದು ನೋಡಬೇಕು. ಆಸ್ಪಿರಿನ್ ಥ್ರಾಂಬಾಕ್ಸೇನ್ ತಯಾರಿಯನ್ನೇ ಮುಚ್ಚುತ್ತದೆ. ಕೋಶಕೇಂದ್ರವಿಲ್ಲದ ಪ್ಲೇಟ್‌ಲೆಟ್ ಅದನ್ನು ಮತ್ತೆ ಸರಿಪಡಿಸಿಕೊಳ್ಳಲಾರದು, ಹಾಗಾಗಿ ಒಂದು ಮಾತ್ರೆಯ ಪರಿಣಾಮ ಆ ಬಿಲ್ಲೆ ಸಾಯುವವರೆಗೂ ಇರುತ್ತದೆ. ನೋವಿನ ಮಾತ್ರೆ ಐಬುಪ್ರೊಫೆನ್ ಪರಿಣಾಮ ಸುಮಾರು ಒಂದು ದಿನದಲ್ಲಿ ಇಳಿಯುತ್ತದೆ. ಹೃದಯಕ್ಕೆಂದು ಆಸ್ಪಿರಿನ್ ಬರೆದುಕೊಟ್ಟಿದ್ದರೆ ಸ್ವಂತ ನಿರ್ಧಾರದಿಂದ ನಿಲ್ಲಿಸುವುದು ಅಪಾಯ, ಗಾಯವಾದಾಗ ಇನ್ನಷ್ಟು ಹೊತ್ತು ಒತ್ತಿದರಾಯಿತು. ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್ ಔಷಧಿ ತೆಗೆದುಕೊಳ್ಳುವವರಲ್ಲೂ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆ ಇರುವವರಲ್ಲೂ ಲಕ್ಷಣ ಬೇರೆ: ಪ್ಲೇಟ್‌ಲೆಟ್ ಬೆಣೆ ಸರಿಯಾಗಿ ಕೂತು ರಕ್ತ ನಿಂತಂತೆ ಕಾಣುತ್ತದೆ, ಫೈಬ್ರಿನ್ ಬಲೆ ಗಟ್ಟಿಯಾಗದೆ ಕೆಲವು ಗಂಟೆಗಳ ಮೇಲೆ ಮತ್ತೆ ಜಿನುಗುತ್ತದೆ. ಅವರು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಪೆಟ್ಟಿಲ್ಲದೆ ಕಾಲಿನಲ್ಲಿ ಸೂಜಿಮೊನೆಯಂಥ ಕೆಂಪು ಚುಕ್ಕೆಗಳೆದ್ದು, ಒತ್ತಿದರೂ ಮಾಸದಿದ್ದರೆ, ಒಸಡಿನಲ್ಲಿ ರಕ್ತ ಕಂಡರೆ ಪ್ಲೇಟ್‌ಲೆಟ್ ಎಣಿಕೆ ಮಾಡಿಸಿ. 50,000ಕ್ಕಿಂತ ಕೆಳಗಿದ್ದರೆ ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವದ ಭಯ. 10,000ಕ್ಕಿಂತ ಇಳಿದರೆ ಪೆಟ್ಟಿಲ್ಲದೆಯೂ ಒಳಗೆ ರಕ್ತ ಸೋರಬಹುದು. ಯಾವ ಲಕ್ಷಣವೂ ಇಲ್ಲದೆ ಎಣಿಕೆ ತೀರಾ ಕಡಿಮೆ ಬಂದರೆ ಗಾಬರಿಗೆ ಮೊದಲು ವೈದ್ಯರಲ್ಲಿ ಒಂದು ಮಾತು ಕೇಳಿ. ರಕ್ತ ಹಿಡಿಯುವ ಕೊಳವೆಯಲ್ಲಿ ಹೆಪ್ಪುಗಟ್ಟದಿರಲೆಂದು ಹಾಕಿರುವ ಇಡಿಟಿಎ ಎಂಬ ರಾಸಾಯನಿಕಕ್ಕೆ ಕೆಲವರ ಪ್ಲೇಟ್‌ಲೆಟ್‌ಗಳು ಗುಂಪುಗೂಡಿ ಅಂಟಿಕೊಳ್ಳುತ್ತವೆ, ಯಂತ್ರ ಆ ಗುಂಪನ್ನು ಪ್ಲೇಟ್‌ಲೆಟ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಡಿಟಿಎ ಬದಲು ಸಿಟ್ರೇಟ್ ಹಾಕಿದ ಕೊಳವೆಯಲ್ಲಿ ಮತ್ತೊಮ್ಮೆ ರಕ್ತ ತೆಗೆದು, ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಿಜವಾದ ಸಂಖ್ಯೆ ತಿಳಿಯುತ್ತದೆ.